ಅಪ್ಪನ ಕೋವಿಗೆ ಹೆಗಲಪಟ್ಟಿ

ಏಪ್ರಿಲ್ 3, ಗುರುವಾರ. ಹೊಕಿಟಿಕಾ.

ಯಾವ ಪಟ್ಟಿಯೂ ಅಪ್ಪನಿಗೆ ಹಿಡಿಸಲಿಲ್ಲ.

ಗಂಡು ಜಿಂಕೆಗಳು ಕೂಗಲು ಶುರುಮಾಡಿವೆ, ಬೇಟೆಯ ಕಾಲ ಬಂತು. ಶನಿವಾರ ಬೆಟ್ಟ ಹತ್ತಲೇಬೇಕೆಂದು ಅಪ್ಪನ ಹಟ. ಕಾಯಿಲೆ ಬಂದ ಮೇಲೆ ಹೆಗಲಲ್ಲಿ ಮಾಂಸವೇ ಉಳಿದಿಲ್ಲ; ಕೋವಿಯ ಹಳೆಯ ತೊಗಲುಪಟ್ಟಿ ನೇರ ಮೂಳೆಗೆ ಒತ್ತುತ್ತದೆ. ಕೋವಿ ಅಂಗಡಿಯ ಮರ್ವ್, ಅಪ್ಪನ ಬೇಟೆಯ ಜೊತೆಗಾರ, ಅಗಲದ್ದು, ಮೆತ್ತನೆಯದು, ಎರಡೂ ಹೆಗಲಿಗೆ ಹಾಕುವಂಥದ್ದು, ಎಲ್ಲವನ್ನೂ ತೊಡಿಸಿ ನೋಡಿದ.

“ಇದೂ ಕಚ್ಚುತ್ತೆ ಕಣೋ. ಒಂದು ಪಟ್ಟಿ ಹೊಲಿಯೋಕೂ ಬರಲ್ವಾ ಈಗಿನವರಿಗೆ?” ಎಂದರು ಅಪ್ಪ.

“ನಿನ್ನ ಕೋವಿನೇ ಹೆಣಭಾರ, ಡಾರ್ಸಿ. ಪಟ್ಟಿ ಏನ್ ಮಾಡುತ್ತೆ ಪಾಪ?” ಎಂದು ಮರ್ವ್ ನಕ್ಕು ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಿದೆ.

ಕೊನೆಗೆ ಅಗಲದ್ದನ್ನೇ ತಂದೆವು. ಸಂಜೆ ಅಪ್ಪ ಕೋವಿ ಹೊತ್ತು ಬೇಲಿಯವರೆಗೆ ನಡೆದರು. ಅಲ್ಲಿ ಕಂಬ ಹಿಡಿದು ನಿಂತೇಬಿಟ್ಟರು. ಓಡಿ ಹೋದರೆ ಸಿಟ್ಟಾಗುತ್ತಾರೆ, ಆ ಕೋವಿಯನ್ನು ಯಾರಿಗೂ ಮುಟ್ಟಗೊಟ್ಟವರಲ್ಲ. ಕಿಟಕಿಯಲ್ಲೇ ನಿಂತು ನೋಡಿದೆ.

“ಬಾರೇ ಇಲ್ಲಿ,” ಎಂದು ಅವರೇ ಕರೆದರು. ಕೋವಿಯನ್ನು ನನ್ನ ಹೆಗಲಿಗೆ ಹಾಕಿ, ಬಕಲ್ ಎಳೆದು ನನ್ನ ಅಳತೆಗೆ ಸರಿಮಾಡಿದರು. “ನೀನು ಹೊತ್ಕೊ ಮಗಳೇ. ನಾನು ಹಿಂದೆ ಬರ್ತೀನಿ. ಚುಚ್ಚುತ್ತೇನು?”

ಇಲ್ಲ ಎಂದೆ. ಪಟ್ಟಿ ಎಷ್ಟು ಹಿತವಾಗಿ ಕೂತಿತ್ತೆಂದರೆ, ಅವರು ಮೊದಲಿನಂತೆ ಬೈದು ಅದನ್ನು ಕಿತ್ತುಕೊಳ್ಳಬಾರದೇ ಅನ್ನಿಸಿತು.