ಭಾವನ ಫೋನಿನಲ್ಲಿ ನನ್ನ ಕಣ್ಣು

ಫೆಬ್ರವರಿ 9, ಸೋಮವಾರ
ಭಾವನ ಕನ್ನಡಕದಂಗಡಿಯಲ್ಲಿ ಇವತ್ತು ಹನ್ನೊಂದು ಜೊತೆ ಲೆನ್ಸ್ ಫ್ರೇಮಿಗೆ ಕೂರೋ ಹಾಗೆ ತಿಕ್ಕಿದೆ. ಒಂದು ಒಡೀತು. ಭಾವ ಒಂದು ಸಲ ನೋಡಿದರು. ಅಷ್ಟೇ ಸಾಕು.

ನನ್ನ ಕನ್ನಡಕದ ಪವರ್ ಮತ್ತೆ ಬದಲಾಗಿದೆ. ವರ್ಷದಲ್ಲಿ ಮೂರನೇ ಸಲ. ಒಂದು ವಾರ ಎದುರುಗಡೆ ಬೋರ್ಡು ಚೆನ್ನಾಗಿ ಕಾಣುತ್ತೆ, ಇನ್ನೊಂದು ವಾರ ಕಲಸಿದ ಹಾಗೆ. ಭಾವನೇ ಟೆಸ್ಟ್ ಮಾಡಿ ಹೊಸ ನಂಬರ್ ಬರೆದುಕೊಟ್ಟರು. "ಅಂಗಡಿ ನಮ್ಮದೇ ಇರುವಾಗ ನಿನಗೇನೋ ಚಿಂತೆ" ಅಂದರು. ನಕ್ಕೆ.

ಶುಗರ್ ಬಂದು ಎಂಟು ವರ್ಷ. ಮಾತ್ರೆ ತಗೋತೀನಿ — ನೆನಪಾದಾಗ.

ಫೆಬ್ರವರಿ 14
ಅಂಗಡಿಯಲ್ಲಿ ಕಣ್ಣಿನ ಕ್ಯಾಂಪ್. ಆಸ್ಪತ್ರೆಯವರು ಕ್ಯಾಮೆರಾ ತಂದಿದ್ದರು. ಶುಗರ್ ಇದ್ದವರಿಗೆಲ್ಲ ಕಣ್ಣಿನ ಒಳಪರದೆಯ ಫೋಟೋ. ಕ್ಯೂ ಕರಗಿದ ಮೇಲೆ ಟೆಕ್ನಿಷಿಯನ್ ಹುಡುಗಿ "ನೀವೂ ಬನ್ನಿ ಸರ್" ಅಂದಳು. ಗದ್ದ ಇಟ್ಟೆ. ಝಗ್ಗನೆ ಬೆಳಕು. ಅಷ್ಟೇ. ನೋವಿಲ್ಲ.

ನನ್ನ ಫೋನು ರಿಪೇರಿಯಲ್ಲಿದೆ. ಭಾವನ ನಂಬರ್ ಕೊಟ್ಟೆ. ಏನಾದ್ರೂ ಇದ್ರೆ ವಾರದೊಳಗೆ ಮೆಸೇಜ್ ಬರುತ್ತಂತೆ.

ಫೆಬ್ರವರಿ 22
ಮೆಸೇಜ್ ಬಂತಾ ಅಂತ ಕೇಳಿದೆ. ಭಾವ ತಲೆ ಎತ್ತಲಿಲ್ಲ. "ಏನೂ ಇಲ್ಲ ಕಣೋ. ಎಲ್ಲ ಸರಿ ಇದೆ."

ಸದ್ಯ.

ಸಂಜೆ ಅಕ್ಕ ಕೊಟ್ಟ ಟೀಯಲ್ಲಿ ಸಕ್ಕರೆ ಇಲ್ಲ. ಯಾವತ್ತೂ ಒಂದು ಚಮಚ ಹಾಕೋಳು. ಕೇಳಿದ್ದಕ್ಕೆ "ವಯಸ್ಸಾಯ್ತಲ್ಲ ಪುಟ್ಟ" ಅಂದಳು. ನಲವತ್ತೆಂಟಕ್ಕೂ ಅವಳಿಗೆ ನಾನು ಪುಟ್ಟನೇ. ಮದುವೆ ಇಲ್ಲ, ಮನೆ ಇಲ್ಲ. ಅವಳ ಮನೆಯೇ ನನ್ನ ಮನೆ.

ಏಪ್ರಿಲ್ 5
ಹೊಸ ಬ್ರಾಂಚ್ ಓಪನಿಂಗ್ ಹತ್ತಿರ ಬಂತು. ದಿನಕ್ಕೆ ಇಪ್ಪತ್ತೈದು ಜೊತೆ. ಬರೆಯೋಕೆ ಪುರುಸೊತ್ತಿಲ್ಲ.

ಜುಲೈ 23, ಬೆಳಗ್ಗೆ 11.40
ಆಸ್ಪತ್ರೆ ಬೆಂಚು. ಕಾಯ್ತಿದ್ದೀನಿ.

ಲೆನ್ಸ್ ಮೇಲೆ ಕೂದಲು ಅಂದುಕೊಂಡೆ. ಒರೆಸಿದೆ, ಹೋಗಲಿಲ್ಲ. ಇನ್ನೊಂದು ಲೆನ್ಸ್ ತಗೊಂಡೆ, ಅದರಲ್ಲೂ ಕೂದಲು. ಗೋಡೆ ಮೇಲೂ. ಬಲಗಣ್ಣು ಮುಚ್ಚಿದೆ... ಎಡಗಣ್ಣಿನಲ್ಲಿ ನೀರಿಗೆ ಶಾಯಿ ಬಿದ್ದ ಹಾಗೆ.

ಭಾವನಿಗೆ ಹೇಳೋಕೆ ಶುರು ಮಾಡಿದೆ ಅಷ್ಟೇ. ಮುಖ ಬಿಳಿಚಿಕೊಂಡಿತು. "ನಡಿ ಆಸ್ಪತ್ರೆಗೆ" ಅಂದುಬಿಟ್ಟರು. ನಾನಿನ್ನೂ ಪೂರ್ತಿ ಹೇಳೇ ಇರಲಿಲ್ಲ.

ಅದೇ ದಿನ, ಸಂಜೆ
ಕಣ್ಣಿಗೆ ಬಿಟ್ಟ ಡ್ರಾಪ್ಸ್‌ನ ಮಬ್ಬು ಇನ್ನೂ ಇಳಿದಿಲ್ಲ. ಅಕ್ಷರ ದಪ್ಪಗೆ ಬರೀತಿದ್ದೀನಿ.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿದರು. "ಫೆಬ್ರವರಿಯಲ್ಲೇ ಬರೋಕೆ ಹೇಳಿದ್ವಲ್ಲ. ಎರಡು ಸಲ ಮೆಸೇಜ್ ಹೋಗಿದೆ. ಯಾಕೆ ಬರಲಿಲ್ಲ?"

"ಎಲ್ಲ ಸರಿ ಇದೆ ಅಂದ್ರು."

"ಯಾರು ಅಂದ್ರು?"

ಬಾಗಿಲ ಕಡೆ ನೋಡಿದೆ. ಅಂದವರು ಅದರ ಆಚೆ ಬೆಂಚಿನ ಮೇಲೆ ಕೂತಿದ್ದರು.

ಶುಗರ್ ಜಾಸ್ತಿ ಇದ್ದರೆ ಕಣ್ಣಿನ ಒಳಗಿನ ಸಣ್ಣ ರಕ್ತನಾಳ ಹಾಳಾಗ್ತವಂತೆ. ಬಲ ಇಲ್ಲದ ಹೊಸ ನಾಳ ಹುಟ್ಟಿ, ಒಡೆದು, ರಕ್ತ ಸೋರುತ್ತಂತೆ. ಫೆಬ್ರವರಿಯಲ್ಲೇ ಬಂದಿದ್ದರೆ ಬಹುಶಃ ಲೇಸರ್‌ನಲ್ಲೇ ತಡೀಬಹುದಿತ್ತಂತೆ.

"ಆಗ ಹೊಸ ಕನ್ನಡಕ ಹಾಕಿದ್ರೆ ನಂಗೆ ಚೆನ್ನಾಗೇ ಕಾಣ್ತಿತ್ತಲ್ಲ ಡಾಕ್ಟ್ರೇ."

"ತುಂಬ ಜನಕ್ಕೆ ಹಾಳಾಗೋವರೆಗೂ ಚೆನ್ನಾಗೇ ಕಾಣುತ್ತೆ. ಅದಕ್ಕೇ ವರ್ಷಕ್ಕೊಂದು ಸಲ ನೋಡಿಸ್ಕೊಳ್ಳಿ ಅನ್ನೋದು."

ಪವರ್ ಪದೇ ಪದೇ ಬದಲಾಗ್ತಿದ್ದದ್ದೂ ಶುಗರ್ ಏರಿಳಿತಕ್ಕೇ ಇರಬಹುದಂತೆ. ಮೂವತ್ತು ವರ್ಷ ಜನರ ಕಣ್ಣು ಅಳೆದ ಭಾವನಿಗೆ ಅದು ಗೊತ್ತಿರಲಿಲ್ವಾ?

ಜುಲೈ 24
ಶಟರ್ ಅರ್ಧ ಎಳೆದು, ಮೆಸೇಜ್ ಯಾಕೆ ಮುಚ್ಚಿಟ್ರಿ ಅಂತ ಕೇಳಿದೆ. ಭಾವ ಕೌಂಟರ್ ಹಿಂದೆ ಕೂತೇ ಇದ್ದರು.

"ಓಪನಿಂಗ್ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ. ಲೆನ್ಸ್ ಕೆಲಸಕ್ಕೆ ನೀನು ಬಿಟ್ರೆ ಯಾರಿದ್ರು? ಆಮೇಲೆ... ಮರ್ತೇ ಹೋಯ್ತು ಕಣೋ."

ಮರ್ತೇ ಹೋಯ್ತು. ದಿನಾ ಎದುರಿಗೇ ಕೂತಿರುತ್ತಿದ್ದೆ.

"ಅಕ್ಕನಿಗೆ ಗೊತ್ತಿತ್ತಾ?"

ಭಾವ ಬಿಲ್ ಬುಕ್ ಎಳೆದುಕೊಂಡು ಹಾಳೆ ತಿರುವಿದರು.

ಸಕ್ಕರೆ ಇಲ್ಲದ ಟೀ... ಫೆಬ್ರವರಿಯಿಂದ.

ಜುಲೈ 26
ಅಕ್ಕ ನನ್ನ ರೂಮಿನ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಮೆಸೇಜ್ ನಾನೇ ಮೊದ್ಲು ಓದಿದ್ದು. ಅವರು ನೋಡ್ಕೋತೀನಿ ಅಂದ್ರು. ಸುಮ್ಮನಾಗ್ಬಿಟ್ಟೆ."

"ನನ್ನ ಕಣ್ಣಲ್ವಾ ಅಕ್ಕ?"

ಅವಳು ಸೆರಗು ಬಾಯಿಗಿಟ್ಟುಕೊಂಡು ಹೋದಳು. ಭಾವನ ಮೇಲೆ ಬಂದದ್ದು ಕೋಪ. ಇವಳ ಮೇಲೆ ಬಂದದ್ದು ಏನು ಅಂತ ಗೊತ್ತಿಲ್ಲ. ಅಮ್ಮ ಹೋದ ಮೇಲೆ ನನ್ನ ಕೈ ಹಿಡಿದು ರಸ್ತೆ ದಾಟಿಸಿದವಳು.

ಆಗಸ್ಟ್ 30
ಮೂರು ಸಲ ಲೇಸರ್, ಎರಡು ಇಂಜೆಕ್ಷನ್. ಬಲಗಣ್ಣಿನಲ್ಲೂ ಶುರುವಾಗಿತ್ತು, ತಡೆದರು. ಎಡಗಣ್ಣಿಗೆ ದಪ್ಪ ಅಕ್ಷರ ಮಾತ್ರ ಕಾಣುತ್ತೆ. ಇಷ್ಟೇ ಉಳಿಯೋದು ಅಂದಿದ್ದಾರೆ.

ತಪ್ಪು ನಂದೂ ಇದೆ. ಎಂಟು ವರ್ಷದಲ್ಲಿ ಒಂದು ಸಲವೂ ನಾನಾಗಿ ಕಣ್ಣು ತೋರಿಸೋಕೆ ಹೋಗಲಿಲ್ಲ. ಮಾತ್ರೆ ಸರಿಯಾಗಿ ತಗೋತೀನಿ ಅಂತ ಶುಗರ್ ನೋಡೋ ಕ್ಲಿನಿಕ್ಕಿನ ನರ್ಸಿಗೆ ಸುಳ್ಳು ಹೇಳ್ತಿದ್ದೆ. ಆದ್ರೆ ನನಗೆ ನಾನು ಮಾಡಿಕೊಂಡದ್ದು ಬೇರೆ. ಅವರು ಮಾಡಿದ್ದು ಬೇರೆ.

ಬಾಡಿಗೆ ರೂಮಿಗೆ ಬಂದಿದ್ದೀನಿ. ಬೇರೆ ಅಂಗಡಿಯಲ್ಲಿ ಕೌಂಟರ್ ಕೆಲಸ.

ಅಕ್ಟೋಬರ್ 16
ಚೆಕಪ್‌ಗೆ ಹೋದರೆ ಆಸ್ಪತ್ರೆ ಗೇಟಿನಲ್ಲಿ ಅಕ್ಕ. ನನ್ನ ತಾರೀಖು ಅವಳೇ ಕೇಳಿ ತಿಳ್ಕೊಂಡಿದ್ದಾಳೆ.

"ನಂಗೂ ಒಂದು ಚೀಟಿ ಮಾಡಿಸು" ಅಂದಳು.

"ಯಾಕೆ?"

"ನಂಗೂ ಶುಗರ್ ಇದೆ ಪುಟ್ಟ. ನಾಲ್ಕು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ನಿನ್ನ ಮೆಸೇಜ್ ಓದಿದಾಗ ನಂದೇ ಓದಿದ ಹಾಗಾಯ್ತು. ಫೋನ್ ಮಗುಚಿ ಇಟ್ಟುಬಿಟ್ಟೆ."

ಕರಗಬೇಕಿತ್ತು. ಕರಗಲಿಲ್ಲ. ಇವಳ ಹೆದರಿಕೆಗೆ ನನ್ನ ಕಣ್ಣು ಹೋಯ್ತಲ್ಲ ಅನ್ನೋದೇ ತಲೆಯಲ್ಲಿ. ಆದರೂ ಕ್ಯೂನಲ್ಲಿ ನಿಂತು ಚೀಟಿ ಮಾಡಿಸಿದೆ.

ಡ್ರಾಪ್ಸ್ ಹಾಕಿದ ಮೇಲೆ ಅವಳಿಗೆ ಸರಿಯಾಗಿ ಕಾಣ್ತಿರಲಿಲ್ಲ. ತಡಕಾಡಿ ನನ್ನ ತೋಳು ಹಿಡಿದಳು. ಬಿಡಿಸಿಕೊಳ್ಳಲಿಲ್ಲ.

ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಅಕ್ಕನಿಗೆ ಗಾಬರಿಯಲ್ಲಿ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಹೊರಗೆ ಬಂದು ಕೂತ ಮೇಲೆ ಕೇಳಿದಳು, "ಏನಂತೆ?"

ಒಂದು ಗಳಿಗೆ ಏನೂ ಇಲ್ಲ ಅಂದುಬಿಡೋಣ ಅನ್ನಿಸಿತು. ಎಷ್ಟು ಸುಲಭ.

"ಶುರುವಾಗಿದೆ ಅಕ್ಕ. ಎರಡೂ ಕಣ್ಣಲ್ಲಿ. ಆದ್ರೆ ಈಗಷ್ಟೇ. ಇನ್ನೂ ಟೈಮಿದೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಮತ್ತೆ ಬರೋಕೆ ಹೇಳಿದ್ದಾರೆ."