ಕೆಳಗಿನ ದನಿ

೧೫ ಮೇ ೨೦೨೨, ಭಾನುವಾರ. ಮರಿಕಿನಾ.

ತಮ್ಮ ಎಫ್ರೆನ್ ಆ ಹಾಡನ್ನೇ ಯಾಕೆ ಆರಿಸಿದ? ಒಂದು ಕಲ್ಲೂ ಎಸೆಯದೆ ನಾವು ದೇಶದಿಂದ ಓಡಿಸಿದ್ದ ಸರ್ವಾಧಿಕಾರಿಯ ಮನೆತನ ಚುನಾವಣೆ ಗೆದ್ದು ಇನ್ನೂ ವಾರವಾಗಿಲ್ಲ. ತಮ್ಮನ ಓಟೂ ಅವರಿಗೇ ಬಿತ್ತೆಂದು ಅವನ ಹೆಂಡತಿಯೇ ಪನ್ಸಿತ್ ಶ್ಯಾವಿಗೆ ಬಡಿಸುತ್ತ ಹೇಳಿದಳು. ಅವನ ಹುಟ್ಟುಹಬ್ಬ, ನಾನು ಇನ್ನಷ್ಟು ಬಡಿಸಿಕೊಂಡು ತಿಂದೆ.

ಎಂಬತ್ತಾರರಲ್ಲಿ ಜನ ನಾಲ್ಕು ದಿನ ರಸ್ತೆ ತುಂಬಿ ಕೂತಾಗ, ಸೇನೆಯ ಟ್ಯಾಂಕಿನ ಎದುರು ನನ್ನ ಪಕ್ಕ ಕೂತಿದ್ದವನು ಅವನು. ಹದಿನೇಳು ವರ್ಷ, ಹೆದರಿ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. ಆ ನಾಲ್ಕು ದಿನಗಳಿಂದ ಹುಟ್ಟಿದ ಹಾಡನ್ನು ವರ್ಷವೆಲ್ಲ ಚರ್ಚಿನಲ್ಲಿ ಇಬ್ಬರೂ ಹಾಡಿದೆವು. ಮೇಲಿನ ದನಿ ಅವನದು, ಕೆಳಗಿನದು ನನ್ನದು.

ಇವತ್ತು, ಹಾಡಿದವರಿಗೆ ಮಾರ್ಕ್ಸ್ ಕೊಡುವ ವಿಡಿಯೋಕೆ ಯಂತ್ರದಲ್ಲಿ ಅದರ ನಂಬರ್ ಒತ್ತಿದ.

"ಈ ಹಾಡಾ? ನೀನಾ?" ಅಂದೆ.

"ಅಯ್ಯೋ ಅಣ್ಣಾ, ಹಾಡಿಗ್ಯಾವ ಪಾರ್ಟಿ? ಇದಕ್ಕೆ ಮಾರ್ಕ್ಸ್ ಚೆನ್ನಾಗಿ ಬೀಳುತ್ತೆ. ಬಾ, ಮುಖ ಊದಿಸ್ಕೋಬೇಡ."

ಎದ್ದು ಹೋಗಬೇಕೆಂದೇ ಇದ್ದೆ. ಪಲ್ಲವಿ ಬಂದಾಗ ಕೆಳಗಿನ ದನಿ ನನ್ನ ಬಾಯಿಂದ ತಾನಾಗಿ ಹೊರಟಿತು. ಕೊನೆಯವರೆಗೂ ಹಾಡಿದೆ. ಯಂತ್ರ ನೂರಕ್ಕೆ ನೂರು ತೋರಿಸಿತು. ಎಫ್ರೆನ್ ಹೆಗಲ ಮೇಲೆ ಕೈ ಹಾಕಿ, "ನೋಡ್ದ್ಯಾ, ಏನೂ ಹಾಳಾಗಿಲ್ಲ" ಅಂದ.

ದನಿ ಹಾಳಾಗಿಲ್ಲ, ನಿಜ. ಒಂದು ಕಡೆಯಾದರೂ ಅವನು ಅಪಸ್ವರ ಹಾಡಿದ್ದರೆ ಎದ್ದು ಹೋಗುವುದು ಸುಲಭವಾಗುತ್ತಿತ್ತು.