ಲೇಬಲ್ಲಿನಿಂದ ತೆಗೆದ ಒಂದು ಸಾಲು

ಪೂರಕ ಆಹಾರಗಳಿಗೆ ಪರವಾನಗಿ ನೀಡುವ ಅಧಿಕಾರಿಗಳಿಗೆ,

ಮಾನ್ಯರೇ, ತಾವು ಕೆಂಪು ಶಾಯಿಯಲ್ಲಿ ಬರೆದ ‘ಕಡ್ಡಾಯವಲ್ಲ’ ಎಂಬ ಒಂದು ಮಾತಿನಿಂದ ನನ್ನ ತಂಗಿ ಮತ್ತೆ ಆಸ್ಪತ್ರೆ ಸೇರಿದ್ದಾಳೆ. ಅದರಲ್ಲಿ ನನ್ನ ಕೈಯೂ ಇದೆ. ಮುಚ್ಚಿಡುವುದಿಲ್ಲ.

ನಾನು ಲೇಬಲ್ ಅಚ್ಚು ಹಾಕುವವನು. ಮನಸ್ಸಿಗೆ ನೆಮ್ಮದಿ ಕೊಡುತ್ತದೆಂಬ ಗಿಡಮೂಲಿಕೆ ಪುಡಿಯೊಂದರ ಲೇಬಲ್ ನನ್ನಲ್ಲಿಗೆ ಬಂತು. ಮೊದಲ ಪ್ರೂಫಿನ ಕೊನೆಯಲ್ಲಿ ಒಂದು ಸಾಲಿತ್ತು: ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು. ಪ್ರೂಫ್ ತಮ್ಮ ಕಚೇರಿಗೆ ಹೋಗಿ, ಆ ಸಾಲಿನ ಪಕ್ಕ ತಮ್ಮ ಕೆಂಪು ಶಾಯಿಯ ಟಿಪ್ಪಣಿ ಹೊತ್ತು ಬಂತು: ಇದು ಆಹಾರ, ಔಷಧವಲ್ಲ, ಎಚ್ಚರಿಕೆ ಕಡ್ಡಾಯವಲ್ಲ! “ಹಾಗಾದ್ರೆ ತೆಗೆದ್ಬಿಡಿ, ಆ ಜಾಗಕ್ಕೆ ಎಲೆ ಚಿತ್ರ ಸ್ವಲ್ಪ ದೊಡ್ಡದು ಮಾಡಿ” ಎಂದರು ಕಂಪನಿಯವರು. ಮಾಡಿದೆ. ಕಚೇರಿಯೇ ಬೇಡವೆಂದ ಮೇಲೆ ಅಪಾಯವೇನಿದ್ದೀತು ಎಂದುಕೊಂಡು, ಕಂಪನಿಯವರು ಕೊಟ್ಟ ನಾಲ್ಕು ಡಬ್ಬಿಗಳನ್ನು ತಂಗಿಗೇ ಒಯ್ದು ಕೊಟ್ಟೆ. ತಮ್ಮ ಮೇಲೆ ಅಷ್ಟು ವಿಶ್ವಾಸವಿಟ್ಟ ಪ್ರಜೆ ಇನ್ನೊಬ್ಬನಿದ್ದಾನೆಯೇ?

ಅವಳು ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಮಾನಸಿಕ ಕಾಯಿಲೆಗೆ ಆರು ವರ್ಷದಿಂದ ಮಾತ್ರೆ ನುಂಗಿಕೊಂಡು ನೆಟ್ಟಗಿದ್ದಳು. ಪುಡಿ ಶುರುವಾದ ಮೂರನೇ ವಾರ ಹೊಲಿಗೆ ಯಂತ್ರವನ್ನು ಕಿಟಕಿಯಿಂದ ದೂರ ಎಳೆದಳು. ಆಮೇಲೆ ಬೀಗದ ಕಿಂಡಿಗೆ ಕಾಗದ ಅಂಟಿಸಿದಳು.

“ಮಾತ್ರೆ ತಪ್ಪಿಸಿದ್ದೀಯಾ?”

“ಇಲ್ಲ ಅಣ್ಣ, ಒಂದೂ ತಪ್ಪಿಸಿಲ್ಲ. ಬೇಕಾದ್ರೆ ಎಣಿಸ್ಕೋ.”

ಎಣಿಸಿದೆ. ಲೆಕ್ಕ ಸರಿಯಿತ್ತು. ಆದರೂ ಸುಳ್ಳಿ ಎಂದು ಕೂಗಾಡಿದೆ.

“ಮಾತ್ರೆ ಬಿಟ್ಟು ಇನ್ನೇನು ಕೊಡ್ತಿದ್ರಿ?” ಎಂದು ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರಮ್ಮ ಕೇಳಿದರು.

“ಏನಿಲ್ಲ ಮೇಡಂ, ಬರೀ ಗಿಡಮೂಲಿಕೆ.”

ಅವರು ಪೆನ್ನು ಕೆಳಗಿಟ್ಟರು. ಆ ಮೂಲಿಕೆಯ ಸಾರ ದೇಹ ಸೇರಿದರೆ ಯಕೃತ್ತು ಇವಳ ಔಷಧವನ್ನು ಬೇಗಬೇಗನೆ ಒಡೆದು ಹೊರಹಾಕುತ್ತದಂತೆ. ನುಂಗಿದ ಮಾತ್ರೆ ನುಂಗದಂತೆಯೇ ಆಯಿತು. ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದುದರಿಂದಲೇ ಯಾರೋ ಪುಣ್ಯಾತ್ಮರು ಆ ಸಾಲು ಬರೆದಿದ್ದರು.

ಆ ಡಬ್ಬಿಗಳು ಇಂದೂ ಅಂಗಡಿಗಳಲ್ಲಿ ಮಕ್ಕಳ ಬಿಸ್ಕತ್ತಿನ ಪಕ್ಕದಲ್ಲಿವೆ. ಇನ್ನೆಷ್ಟು ಮನೆಗಳಲ್ಲಿ “ಮಾತ್ರೆ ತಪ್ಪಿಸಿದ್ದೀಯಾ?” ಎಂಬ ಕೂಗಾಟ ನಡೆದಿದೆಯೋ, ತಾವು ವಿಚಾರಿಸಿದ್ದೀರಾ? ಡಬ್ಬಿಗಳನ್ನು ಈ ವಾರವೇ ವಾಪಸು ತರಿಸಿ. ಆ ಸಾಲನ್ನು ಕಡ್ಡಾಯ ಮಾಡಿ, ಕನ್ನಡಕವಿಲ್ಲದವರೂ ಓದುವಷ್ಟು ದಪ್ಪ ಅಕ್ಷರದಲ್ಲಿ.

ಅಣ್ಣ ನಿನಗೆ ವಿಷ ಹಾಕುತ್ತಿದ್ದಾನೆ ಎಂದು ಅವಳ ಕಿವಿಗಷ್ಟೇ ಕೇಳುವ ದನಿಗಳು ಅವಳಿಗೆ ಹೇಳುತ್ತಿವೆ. ಆರು ವರ್ಷದ ಹಿಂದೆಯೂ ಹೀಗೇ ಹೇಳಿದ್ದವು. ಆಗ ಅವಳ ಕೈ ಹಿಡಿದು “ಸುಳ್ಳು ಕಣೇ” ಎಂದಿದ್ದೆ. ಈ ಸಲ ಹಾಗನ್ನಲು ನನಗೆ ಬಾಯಿಲ್ಲ. ಮಾತ್ರೆ ಕೊಡುವ ಹೊತ್ತಿಗೆ ನರ್ಸು ನನ್ನನ್ನು ಹೊರಗೆ ಕಳಿಸುತ್ತಾರೆ. ನಾನು ಎದುರಿಗಿದ್ದರೆ ಅವಳು ಬಾಯಿ ತೆರೆಯುವುದಿಲ್ಲ.

ಇಂತಿ,
ಸದ್ಯಕ್ಕೆ ವಾರ್ಡಿನ ಹೊರಗೆ ನಿಂತಿರುವ ಅಣ್ಣ